ಪುಸ್ತಕವಿಲ್ಲದೆ ಹಾಡಿದ ಕ್ರಿಸ್ಮಸ್

ಆ ನಿಯಮಕ್ಕೆ ಮೊದಲು ಕೈ ಎತ್ತಿದವಳು ನಾನೇ. ಇದನ್ನು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲಿ ಬೇರೆಯವರ ಮೇಲಿನ ಸಿಟ್ಟೇ ಹೆಚ್ಚಾಗಿ ಕಾಣುತ್ತದೆ. ಅದರಲ್ಲಿ ನನ್ನ ಪಾಲು ಎಷ್ಟಿತ್ತು ಎಂಬುದನ್ನು ಓದುವವರು ಮರೆಯಬಾರದು.

ಕೊಡಗು ಆಗ ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯ. ನೆಲ್ಯಹುದಿಕೇರಿಯಿಂದ ಎರಡು ಮೈಲಿ ದೂರದಲ್ಲಿ, ಎಸ್ಟೇಟುಗಳ ನಡುವೆ, ಹಂಚಿನ ಮಾಡಿನ ನಮ್ಮ ಚರ್ಚ್ ಇತ್ತು. ಪಕ್ಕದ ಶಾಲೆಯಲ್ಲಿ ನಾನು ಟೀಚರ್, ಭಾನುವಾರ ಚರ್ಚಿನ ಗಾಯನ ತಂಡದ ನಾಯಕಿ. ಸೆಪ್ಟೆಂಬರ್ ಕೊನೆಯಲ್ಲಿ ಸಭೆಯ ಕಮಿಟಿ ಸೇರಿದಾಗ ಹಿರಿಯರೊಬ್ಬರು ಎದ್ದು ನಿಂತರು. ಅವರು ಹತ್ತಿರದ ಎಸ್ಟೇಟಿನ ಹೆಡ್ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತರಲ್ಲಿ ದೊಡ್ಡವರು. ಇಸ್ತ್ರಿ ಮಾಡಿದ ಕೋಟು, ಜೇಬಿನಲ್ಲಿ ಎರಡು ಪೆನ್ನು.

“ಈ ಕ್ರಿಸ್ಮಸ್‌ನಿಂದ ಕ್ವಯರ್‌ನಲ್ಲಿ ನಿಲ್ಲೋರೆಲ್ಲ ಪುಸ್ತಕ ನೋಡಿ ಹಾಡ್ಬೇಕು. ಬಾಯಿಪಾಠ ಸಾಕು. ಒಬ್ಬೊಬ್ರು ಒಂದೊಂದು ಮಾತು ಹಾಡ್ತಾರೆ, ಕೇಳೋಕಾಗಲ್ಲ,” ಎಂದರು.

ನನಗೆ ತಕ್ಷಣ ನೆನಪಾದದ್ದು ನಮ್ಮ ಬೇಸ್ ದನಿಯ ಪೋಸ್ಟಾಫೀಸಿನವನು. ಶಿರಂಗಾಲದ ಕಡೆಯ ಮನುಷ್ಯ, ಬಾವಿಯೊಳಗಿಂದ ಬಂದಂಥ ಕಂಠ. ಆದರೆ ಪುಸ್ತಕ ಕೈಯಲ್ಲಿದ್ದರೂ ಕಿಟಕಿಯಾಚೆ ನೋಡುತ್ತ, ಮರೆತ ಕಡೆಯಲ್ಲೆಲ್ಲ ತನಗೆ ತೋಚಿದ ಮಾತು ಸೇರಿಸಿ ಹಾಡುವವನು. ಅವನಿಗೆ ಇದು ಸರಿಯಾದ ಮದ್ದು ಎಂದುಕೊಂಡು ಕೈ ಎತ್ತಿದೆ. ನಾಯಕಿಯೇ ಒಪ್ಪಿದ ಮೇಲೆ ಉಳಿದವರದ್ದೇನು? ಎಲ್ಲರೂ ಎತ್ತಿದರು. ನಿಯಮ ಬರೆದಾಯಿತು.

ತಂಡದಲ್ಲಿ ಹನ್ನೊಂದು ಜನ. ಮೇಲಿನ ದನಿಗೆ ರೈಟರ ಮಗಳು ಮತ್ತು ಇನ್ನಿಬ್ಬರು ಹುಡುಗಿಯರು. ಗಂಡಸರಲ್ಲಿ ಮೇಲ್ದನಿಯ ಟೆನರ್ ಇಬ್ಬರು, ಕೆಳದನಿಯ ಬೇಸ್ ಇಬ್ಬರು. ಹೆಂಗಸರ ಕೆಳದನಿಗೆ, ಅಂದರೆ ಆಲ್ಟೋಗೆ, ನಾಲ್ವರು. ಆ ನಾಲ್ವರೂ ಎಸ್ಟೇಟಿನ ಆಳುಗಳ ಸಾಲುಮನೆಗಳಾದ ಲೈನ್‌ಗಳಿಂದ ಬರುವವರು. ಕಾಫಿ ಕೊಯ್ಯುವ ಕೆಲಸ, ಮನೆಯಲ್ಲಿ ತಮಿಳು, ತೋಟದಲ್ಲಿ ಕಲಿತ ಕನ್ನಡ; ಹಾಡಿಗೆ ‘ಪಾಟು’, ಹಾಡುವುದಕ್ಕೆ ‘ಪಾಡು’ ಅನ್ನುವರು. ಅವರನ್ನು ನಾನೇ ಹುಡುಕಿ ತಂದದ್ದು. ಒಂದು ವರ್ಷದ ಹಿಂದೆ, ಒಂದು ಭಾನುವಾರ, ಕಾಲು ಹಾರ್ಮೋನಿಯಂ ತುಳಿಯುತ್ತಿದ್ದಾಗ, ಹಿಂದೆ ಚಾಪೆಯ ಮೇಲೆ ಕೂತವರ ಕಡೆಯಿಂದ ಯಾರೋ ಹಾಡಿನ ಕೆಳಗೆ ಇನ್ನೊಂದು ದಾರಿ ಹಿಡಿದು ಹೋಗುವುದು ಕೇಳಿಸಿತು. ಅದು ಪುಸ್ತಕದಲ್ಲಿ ಬರೆದ ಸ್ವರವಲ್ಲ, ಆದರೆ ತಪ್ಪೂ ಅಲ್ಲ. ಆರಾಧನೆ ಮುಗಿದ ಮೇಲೆ ಹೋಗಿ ನೋಡಿದರೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಬೆರಳ ತುದಿಗಳೆಲ್ಲ ಕಪ್ಪಗೆ ಒಡೆದಿದ್ದವು. ಮುಂದಿನ ವಾರ ಅವಳು ಇನ್ನೂ ಮೂವರನ್ನು ಕರೆದುಕೊಂಡು ಬಂದಳು.

ಅಕ್ಷರ ಬಾರದವರಿಗೆ ಕೆಳದನಿ ಕಲಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಿನ ದನಿ ಕಿವಿಗೆ ಬಿದ್ದ ಕೂಡಲೇ ಆಲ್ಟೋದವರು ಅದರ ಹಿಂದೆ ಓಡಿಹೋಗುತ್ತಾರೆ, ಎಲ್ಲ ಕಡೆಯೂ ಇದೇ ಪಾಡು. ಹಾಗಾಗಿ ನಾನು ಕ್ರಮವನ್ನೇ ತಿರುಗಿಸಿದೆ. ಮೊದಲು ಕೆಳದನಿಯನ್ನೇ ಇಡೀ ಹಾಡು ಎಂಬಂತೆ ಕಲಿಸಿದೆ. ಅದು ನಾಲಿಗೆಗೆ ಕೂತ ಮೇಲೆ ಬೇಸ್‌ನವರನ್ನು ಸೇರಿಸಿದೆ. ಮೇಲಿನ ದನಿಯನ್ನು ಕೊನೆಗೆ ಬಿಟ್ಟೆ. ಸ್ವರಗಳಿಗೆ ಕೈಸನ್ನೆ ಮಾಡಿಕೊಂಡೆವು: ‘ದೋ’ಗೆ ಮುಷ್ಟಿ, ‘ಮೀ’ಗೆ ಮಟ್ಟಸವಾಗಿ ಹಿಡಿದ ಅಂಗೈ, ‘ಸೋ’ಗೆ ಎದೆಯ ಕಡೆ ತಿರುಗಿದ ಕೈ. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ನಾನು ತಲೆ ಎತ್ತುತ್ತಿದ್ದೆ. ನಿಯಮ ಬರೆದು ತಿಂಗಳಾಗಿ, ಅಕ್ಟೋಬರ್ ಮುಗಿಯುವ ಹೊತ್ತಿಗೆ, ಕುರುಬರ ಮೇಲಿನ ನಾಲ್ಕು ಪದ್ಯಗಳ ಕ್ರಿಸ್ಮಸ್ ಹಾಡನ್ನು ಆಲ್ಟೋದವರು ಹಾರ್ಮೋನಿಯಂ ಇಲ್ಲದೆ ಮೊದಲಿಂದ ಕೊನೆವರೆಗೆ, ಅರ್ಧ ಸ್ವರವೂ ಇಳಿಯದೆ ಹಾಡುತ್ತಿದ್ದರು. ಪುಸ್ತಕ ಹಿಡಿದ ಮೇಲಿನ ದನಿಯವರು ಮೂರನೇ ಪದ್ಯಕ್ಕೆ ಬರುವಷ್ಟರಲ್ಲಿ ಇಳಿದಿರುತ್ತಿದ್ದರು. ಇದು ಹೊಗಳಿಕೆಯ ಮಾತಲ್ಲ. ಪ್ರತಿ ಪದ್ಯದ ಕೊನೆಗೆ ಶ್ರುತಿ ನೋಡುವುದು ನನ್ನ ಅಭ್ಯಾಸ, ಆಗ ಕಂಡದ್ದನ್ನು ಹೇಳುತ್ತಿದ್ದೇನೆ.

ನವೆಂಬರ್ ಕೊನೆಯ ಶನಿವಾರ ಅಭ್ಯಾಸದ ನಡುವೆ ರೈಟರು ಬಂದು ಬಾಗಿಲಲ್ಲಿ ನಿಂತರು. ಹಾಡು ಮುಗಿಯುವವರೆಗೆ ಕಾದರು. ಆಮೇಲೆ ಆಲ್ಟೋ ಸಾಲಿನ ಕಡೆ ಗಲ್ಲ ಎತ್ತಿ ಕೇಳಿದರು:

“ಇವ್ರ ಪುಸ್ತಕ ಎಲ್ಲಿ ಟೀಚರೇ?”

“ಇವರಿಗೆ ಬಾಯಿಗೆ ಬರುತ್ತದೆ.”

“ಬಾಯಿಗೆ ಬರೋದು ಬೇಡ ಅಂತಾನೇ ಅಲ್ವಾ ನಿಯಮ ಮಾಡಿದ್ದು? ನೀವೇ ಮೊದ್ಲು ಕೈ ಎತ್ತಿದ್ರಿ.”

ಎರಡು ತಿಂಗಳ ಮೇಲೆ, ಆ ಕ್ಷಣದಲ್ಲಿ, ನನಗೆ ಅರ್ಥವಾಯಿತು. ನಿಯಮ ಪೋಸ್ಟಾಫೀಸಿನವನಿಗಾಗಿ ಹುಟ್ಟಿದ್ದೇ ಅಲ್ಲ. ಕ್ರಿಸ್ಮಸ್‌ಗೆ ಮಡಿಕೇರಿಯಿಂದ ಅತಿಥಿಗಳು ಬರುವವರಿದ್ದರು. ಅವರ ಎದುರಿಗೆ ಲೈನ್ ಹೆಂಗಸರು ಮುಂದಿನ ಬೆಂಚಿನಲ್ಲಿ ತಮ್ಮ ಮಗಳ ಪಕ್ಕ ನಿಲ್ಲಬಾರದು, ಅಷ್ಟೇ ರೈಟರಿಗೆ ಬೇಕಾಗಿದ್ದದ್ದು. ಅದನ್ನು ಬಾಯಿಬಿಟ್ಟು ಹೇಳದೆ, ಹಾಡಿನ ಹೆಸರಿನಲ್ಲಿ, ನನ್ನ ಕೈಯಿಂದಲೇ ಮಾಡಿಸಿದ್ದರು.

ಪಾದ್ರಿಗಳ ಮನೆಗೆ ಹೋದೆ. ನಮ್ಮ ಅಯ್ಯನವರು ನನ್ನಂತೆಯೇ ಮಂಗಳೂರಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಜಗಳ ಕಂಡರೆ ಕಂಬದ ಹಿಂದೆ ಸರಿಯುವ ಜಾತಿ.

“ಹಾಗೆ ಸಿಟ್ಟು ಮಾಡಿದರೆ ಹೇಗೆ ಮಾರಾಯ್ರೆ? ಡಿಸೆಂಬರ್ ಎರಡನೇ ಭಾನುವಾರ ಒಂದು ಸಣ್ಣ ಪರೀಕ್ಷೆ ಇಡುವ. ಓದಿದರೆ ನಿಲ್ಲಲಿ. ನೀವು ಟೀಚರಲ್ಲವಾ, ಕಲಿಸಿ,” ಎಂದರು.

ಎರಡು ವಾರ. ಅದೂ ಪಿಕ್ಕಿಂಗ್, ಅಂದರೆ ಕಾಫಿ ಹಣ್ಣಿನ ಕೊಯ್ಲು, ಜೋರಾಗಿ ನಡೆಯುವ ಕಾಲ. ಬೆಳಿಗ್ಗೆ ಮಂಜಿನಲ್ಲೇ ತೋಟಕ್ಕೆ ಇಳಿಯುವ ಹೆಂಗಸರು, ಸಂಜೆ ಹಣ್ಣು ತೂಕ ಮಾಡಿಸಿ ಲೈನ್ ಸೇರುವಷ್ಟರಲ್ಲಿ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆದರೂ ನಾಲ್ವರೂ ಶಾಲೆಯ ಜಗಲಿಗೆ ಬಂದರು. ನಾನು ಸ್ಲೇಟು ಕೊಟ್ಟೆ. ಒಡೆದ ಬೆರಳುಗಳಲ್ಲಿ ಬಳಪ ನಿಲ್ಲುತ್ತಿರಲಿಲ್ಲ. ‘ಕ’ ಬರೆಯುವುದರೊಳಗೆ ಒಬ್ಬಳು ಗೋಡೆಗೆ ಒರಗಿ ನಿದ್ದೆ ಹೋದಳು. ಆರನೇ ದಿನ ನಾನು ಮಾಡಬಾರದ್ದನ್ನು ಮಾಡಿದೆ. ಆಲ್ಟೋದ ಮೊದಲ ಹೆಂಗಸು, ಚಾಪೆಯ ಮೇಲೆ ನನಗೆ ಸಿಕ್ಕವಳು, ‘ಬ’ ಮತ್ತು ‘ಭ’ ಮೂರನೇ ಸಲ ಬೆರೆಸಿದಾಗ ಸ್ಲೇಟನ್ನು ಅವಳ ಕೈಯಿಂದ ಕಿತ್ತುಕೊಂಡು, “ಇಷ್ಟೂ ಬರುವುದಿಲ್ಲವಾ?” ಎಂದು ಕೂಗಿದೆ. ಶಾಲೆಯ ಮಕ್ಕಳ ಮೇಲೂ ನಾನು ಅಷ್ಟು ಜೋರಾಗಿ ಕೂಗಿದ್ದಿಲ್ಲ. ಅವಳು ನನ್ನನ್ನು ನೋಡಲಿಲ್ಲ. ಸೆರಗಿನಿಂದ ಕೈಯ ಬಳಪದ ಪುಡಿ ಒರೆಸಿಕೊಂಡಳು. ರೈಟರ ಮೇಲೆ ತೋರಿಸಬೇಕಾದ ಸಿಟ್ಟನ್ನು ನಾನು ಎಲ್ಲಿ ತೋರಿಸಿದೆ ಎಂದು ಗೊತ್ತಾದರೂ, ಆ ಹೊತ್ತಿಗೆ ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಪರೀಕ್ಷೆ ನಡೆದದ್ದು ಚರ್ಚಿನ ಪಕ್ಕದ ಕೋಣೆಯಲ್ಲಿ. ಮೇಜಿನ ಆಚೆ ಅಯ್ಯನವರು, ರೈಟರು. ಈಚೆ ನಾಲ್ವರು ಹೆಂಗಸರು ನಿಂತಿದ್ದರು. ಕುರ್ಚಿ ಇತ್ತು, ಯಾರೂ ಕೂರಲು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಯ್ಯನವರು ಪಾಪ, ಕನಿಕರದಿಂದ ಕುರುಬರ ಹಾಡಿನ ಪುಟವನ್ನೇ ತೆರೆದುಕೊಟ್ಟರು. ನಾನು ಸ್ಲೇಟು ಕಿತ್ತುಕೊಂಡಿದ್ದವಳೇ ಮೊದಲು ಬೆರಳಿಟ್ಟು ಓದತೊಡಗಿದಳು. ಒಂದು ತಪ್ಪಿಲ್ಲ, ಒಂದು ತಡೆಯಿಲ್ಲ. ಅಯ್ಯನವರ ಮುಖ ಅರಳಿತು. ರೈಟರು ಮಾತ್ರ ಬೆರಳನ್ನೇ ನೋಡುತ್ತಿದ್ದರು. ದನಿ ಎರಡನೇ ಪದ್ಯದಲ್ಲಿತ್ತು, ಬೆರಳು ಇನ್ನೂ ಮೊದಲ ಸಾಲಿನಲ್ಲೇ ಇತ್ತು.

“ನಿಲ್ಸು,” ಎಂದರು. “ಈಗ ಹೇಳ್ದೆಯಲ್ಲ ‘ಬೆಟ್ಟ’ ಅಂತ, ಅದು ಎಲ್ಲಿದೆ ತೋರ್ಸು.”

ಅವಳು ಪುಟವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, ಮೇಜಿನ ಮೇಲೆ ಇಟ್ಟು ಹೇಳಿದಳು:

“ಪುಸ್ತಕ ನಿಮ್ದು ಸಾಮಿ. ಪಾಟು ನನ್ಹತ್ರ ಇದೆ.”

ಅಷ್ಟು ಹೇಳಿ ಹೊರಟುಹೋದಳು. ಉಳಿದ ಮೂವರು ಅವಳ ಹಿಂದೆಯೇ ನಡೆದರು.

ರೈಟರನ್ನು ರಸ್ತೆಯವರೆಗೂ ಬೆನ್ನಟ್ಟಿ ಹೋದೆ. ಹೆಂಗಸು, ಟೀಚರು, ರಸ್ತೆಯಲ್ಲಿ ಹಾಗೆ ಕೂಗಾಡಬಾರದು ಎಂಬುದೆಲ್ಲ ಮರೆತುಹೋಗಿತ್ತು.

“ಹಿಂದಿನ ಚುನಾವಣೆಯಲ್ಲಿ ಇವರೆಲ್ಲ ಮತ ಹಾಕಿದ್ದಾರೆ. ಸರ್ಕಾರ ಮಾಡಲಿಕ್ಕೆ ಅಕ್ಷರ ಬೇಡ, ದೇವರ ಎದುರು ಹಾಡಲಿಕ್ಕೆ ಬೇಕಾ ರೈಟರೇ? ಇವರು ಮುಂದೆ ನಿಲ್ಲುವುದು ನಿಮಗೆ ಬೇಡ. ಅದನ್ನು ಹೇಳುವ ಧೈರ್ಯ ಇಲ್ಲ, ಪುಸ್ತಕದ ಹಿಂದೆ ಅಡಗಿಕೊಳ್ಳುತ್ತೀರಿ!”

ಅವರು ತಿರುಗಿ ನಿಂತರು.

“ಟೀಚರೇ, ನಮ್ಮಜ್ಜ ಲೈನ್‌ನಲ್ಲಿ ಹುಟ್ಟಿದೋರು, ಗೊತ್ತಾ ನಿಮ್ಗೆ? ರಾತ್ರಿ ಶಾಲೆಲಿ ಅಕ್ಷರ ಕಲ್ತು, ಪೆಟ್ಟು ತಿಂದು ಕಲ್ತು, ಆಮೇಲೆ ಈ ಚರ್ಚಲ್ಲಿ ಬೆಂಚು ಸಿಕ್ತು. ಅಲ್ಲಿವರ್ಗೂ ಚಾಪೆನೇ. ಸುಮ್ನೆ ಯಾರಿಗೂ ಕೊಟ್ಟಿಲ್ಲ. ಇವ್ರಿಗೆ ಯಾಕೆ ಸುಮ್ನೆ ಕೊಡ್ಬೇಕು?”

ಅದನ್ನು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಏನೂ ಗೊತ್ತಿಲ್ಲದವನು ಹೀಗೆ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ. ಚಾಪೆಯ ಮೇಲೆ ಕೂರಿಸಿದರೆ ಹೇಗನಿಸುತ್ತದೆ ಎಂದು ಮನೆಯಲ್ಲೇ ಕೇಳಿ ಬೆಳೆದವರು ಇವರು.

ಮರುದಿನ ಸಂಜೆ ತೂಕ ಮುಗಿಯುವ ಹೊತ್ತಿಗೆ ಲೈನ್‌ಗೆ ಹೋದೆ. ಒಂದೇ ಮಾಡಿನ ಕೆಳಗೆ ಹತ್ತು ಕೋಣೆಗಳು, ಮುಂದೆ ಉದ್ದ ಜಗಲಿ. ಪುಸ್ತಕ ಮುಚ್ಚಿಟ್ಟು ಹೋದವಳು ಒಲೆಗೆ ಕಾಫಿ ಗಿಡದ ಪುಳ್ಳೆ ತುರುಕುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

“ಮೊನ್ನೆ ಸ್ಲೇಟು ಕಿತ್ತುಕೊಂಡದ್ದು ನನ್ನ ತಪ್ಪು,” ಎಂದೆ. “ನೀನು ಬರಬೇಕು. ಏನಾದರೂ ದಾರಿ ಮಾಡುತ್ತೇನೆ.”

“ಆ ರೂಲ್ಸಿಗೆ ಮೊದ್ಲು ಕೈ ತೂಕ್ಕಿದ್ದು ನೀವಂತೆ. ಪೋಸ್ಟಾಫೀಸಣ್ಣ ಹೇಳ್ತು.”

“ಹೌದು. ಅದು ನಿಮ್ಮ ಮೇಲೆ ಬರುತ್ತದೆ ಅಂತ ನನಗೆ ಗೊತ್ತಾಗಲಿಲ್ಲ.”

“ಗೊತ್ತಾಗಲಿಲ್ಲೆ!” ಅವಳು ಪುಳ್ಳೆಯನ್ನು ಮೊಣಕಾಲಿಗೆ ಒತ್ತಿ ಮುರಿದಳು. “ಒಂದು ವರ್ಷ ನಮ್ಕೂಡೆ ಪಾಡಿದ್ರಿ, ನಮ್ಗೆ ಓದೋಕೆ ಬರಲ್ಲ ಅಂತ ನಿಮ್ಗೆ ಗೊತ್ತಿತ್ತಲ್ಲ ಟೀಚರಮ್ಮ? ಕೈ ತೂಕ್ಕೋವಾಗ ನಾವು ನಾಲ್ಕು ಜನ ನಿಮ್ಗೆ ನೆನಪೇ ಬರ್ಲಿಲ್ಲೆ. ಅದೇ ವಿಷಯ.”

ಅವಳು ಒಲೆ ಊದಿದಳು. ಹೊಗೆಗೆ ಕಣ್ಣು ಒರೆಸಿಕೊಂಡು, ಸಿಟ್ಟಿನಲ್ಲೇ ಅಂದಳು:

“ಪುಸ್ತಕ ಇಲ್ದೆ ನಾವು ಪಾಡ್ತೀವಿ. ಅವ್ರು ಪಾಡ್ಲಿ ನೋಡೋಣ. ರೈಟರ್ ಮಗಳು ಪಾಡ್ಲಿ. ಎಷ್ಟು ದೂರ ಪೋಗ್ತಾರೆ ಪಾಕ್ಕಲಾಂ, ನೋಡೇಬಿಡೋಣ!”

ಅವಳು ಅದನ್ನು ಚುಚ್ಚಲು ಹೇಳಿದ್ದು. ಆದರೆ ಲೈನ್‌ನಿಂದ ಶಾಲೆಯವರೆಗಿನ ಮುಕ್ಕಾಲು ಮೈಲಿ ನಡೆಯುವಷ್ಟರಲ್ಲಿ ನನ್ನ ನಿರ್ಧಾರ ಆಗಿಹೋಗಿತ್ತು.

ಬುಧವಾರದ ಅಭ್ಯಾಸಕ್ಕೆ ತಂಡದವರು ಪುಸ್ತಕ ಇಡುವ ಬೆಂಚನ್ನು ಖಾಲಿ ಮಾಡಿದೆ. ಹಾಡಿನ ಪುಸ್ತಕಗಳನ್ನೆಲ್ಲ ಸಭಿಕರು ಕೂರುವ ಕಡೆ ಹಂಚಿಟ್ಟೆ. ತಮಗೆ ಪುಸ್ತಕ ಸಾಲುವುದಿಲ್ಲ ಎಂದು ಅವರು ಹೇಗೂ ದೂರುತ್ತಿದ್ದರು. ತಂಡದವರಿಗೆ ಹೇಳಿದೆ: “ಈ ಕ್ರಿಸ್ಮಸ್‌ಗೆ ನಮ್ಮಲ್ಲಿ ಯಾರ ಕೈಯಲ್ಲೂ ಪುಸ್ತಕ ಇರುವುದಿಲ್ಲ. ನಿಯಮ ಮುರಿಯುವುದಾದರೆ ಹನ್ನೊಂದು ಜನವೂ ಮುರಿಯುವ. ಬೇಡ ಅನ್ನುವವರು ಈಗಲೇ ಹೋಗಬಹುದು.”

ಪೋಸ್ಟಾಫೀಸಿನವನು ತಲೆ ಕೆರೆದುಕೊಂಡ. “ಟೀಚರಮ್ಮ, ನಂಗೆ ಪುಸ್ತಕ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣ್ರೀ. ಆದ್ರೆ ಮೂರನೇ ಪದ್ಯ ಮಾತ್ರ ಯಾರಾದ್ರೂ ಹೇಳ್ಕೊಡಿ,” ಎಂದ. ರೈಟರ ಮಗಳಿಗೆ ಹತ್ತೊಂಬತ್ತಿರಬೇಕು. ಅವಳು ಹೋಗುತ್ತಾಳೆ ಎಂದುಕೊಂಡೆ. ಅವಳು ಬಾಗಿಲಿನವರೆಗೆ ಹೋದಳು, ನಿಂತಳು, ತಿರುಗಿ ಬಂದು ತನ್ನ ಜಾಗದಲ್ಲಿ ನಿಂತಳು.

ಆ ಮಾತು ಲೈನ್‌ಗೆ ಮುಟ್ಟಿತು. ಶನಿವಾರ ಆಲ್ಟೋದ ನಾಲ್ವರೂ ಬಂದರು.

ಮುಂದಿನ ದಿನಗಳು ನಾನು ಎಣಿಸಿದ್ದಕ್ಕಿಂತ ಕೆಟ್ಟದಾಗಿದ್ದವು. ಓದಬಲ್ಲವರಿಗೆ ಪುಸ್ತಕವಿಲ್ಲದೆ ಕಾಲ ಕೆಳಗಿನ ನೆಲವೇ ಇಲ್ಲದಂತಾಯಿತು. ಪದ್ಯ ಅದಲುಬದಲಾಯಿತು. ಟೆನರ್‌ನವನೊಬ್ಬ ಅಂಗೈಯಲ್ಲಿ ಮಾತು ಬರೆದುಕೊಂಡು ಬಂದು ಸಿಕ್ಕಿಬಿದ್ದ. ಎರಡು ಅಭ್ಯಾಸ ವ್ಯರ್ಥವಾದ ಮೇಲೆ ನಾನು ಕಲಿಸುವುದನ್ನು ನಿಲ್ಲಿಸಿ, ಓದು ಬಲ್ಲ ಒಬ್ಬೊಬ್ಬರನ್ನೂ ಆಲ್ಟೋದವರ ಪಕ್ಕ ಕೂರಿಸಿದೆ. ಪಾಠ ಹಿಡಿಯುವುದು ಹೇಗೆಂದು ಆ ಹೆಂಗಸರಿಗೇ ಗೊತ್ತಿತ್ತು. ಅವರು ಸಾಲು ಸಾಲಾಗಿ ಕಲಿಯುತ್ತಿರಲಿಲ್ಲ. ಕೊನೆಯ ಪದ್ಯದಿಂದ ಹಿಂದಕ್ಕೆ ಬರುತ್ತಿದ್ದರು. ಹಾಡುತ್ತ ಹೋದಂತೆ ಹೊಸದು ಮುಗಿದು ಹಳೆಯದು ಸಿಗುತ್ತದೆ, ಆಗ ಹೆದರಿಕೆ ಇರುವುದಿಲ್ಲ ಎಂದರು. ನನ್ನ ತರಬೇತಿಯಲ್ಲಿ ಎಲ್ಲೂ ಇಲ್ಲದ ವಿಷಯ ಅದು. ಆಮೇಲೆ ಶಾಲೆಯಲ್ಲೂ ನಾನು ಎಲ್ಲ ಹಾಡುಗಳನ್ನೂ ಹಾಗೆಯೇ ಕಲಿಸಿದ್ದೇನೆ.

ರೈಟರ ಮಗಳಿಗೆ ಪಾಠ ಹೇಳಿದವಳು ಆಲ್ಟೋದ ಮೊದಲ ಹೆಂಗಸು. ದಯೆ ದಾಕ್ಷಿಣ್ಯ ತೋರಿಸಲಿಲ್ಲ. “ಇನ್ನೊಂದ್ಸಾರಿ,” “ಇನ್ನೊಂದ್ಸಾರಿ,” ಅಷ್ಟೇ ಅವಳ ಮಾತು. ಹುಡುಗಿ ಎರಡು ಸಲ ಅತ್ತಳು. ಎರಡು ಸಲವೂ ಆ ಹೆಂಗಸು ಅಳು ನಿಂತ ಮೇಲೆ ಅದೇ ಮಾತು ಹೇಳಿದಳು.

ಕ್ರಿಸ್ಮಸ್ ಬೆಳಿಗ್ಗೆ ಮಂಜಿಗೆ ಹಾರ್ಮೋನಿಯಂನ ಒಂದು ರೀಡು, ದನಿ ಕೊಡುವ ಹಿತ್ತಾಳೆಯ ನಾಲಿಗೆ, ಕಚ್ಚಿಕೊಂಡಿತು. ಕೆಂಡದ ಬಟ್ಟಲು ಹತ್ತಿರವಿಟ್ಟು ಅರ್ಧ ಗಂಟೆ ಕಾಯಿಸಿದರೂ ಬಿಡಲಿಲ್ಲ. ಕೊನೆಗೆ ಮುಚ್ಚಳ ಹಾಕಿ, ಟ್ಯೂನಿಂಗ್ ಫೋರ್ಕ್ ಮೊಣಕೈಗೆ ಬಡಿದು ಶ್ರುತಿ ಕೊಟ್ಟೆ. ಮಡಿಕೇರಿಯ ಅತಿಥಿಗಳು ಮುಂದಿನ ಸಾಲಿನಲ್ಲಿದ್ದರು. ರೈಟರು ಅವರ ಪಕ್ಕದಲ್ಲಿ. ಹನ್ನೊಂದು ಜನ ಬರಿಗೈಯಲ್ಲಿ ಎದ್ದು ನಿಂತಾಗ ರೈಟರು ಅಯ್ಯನವರ ಕಡೆ ನೋಡಿದರು. ಅಯ್ಯನವರು ಬೈಬಲ್ಲಿನ ಕಡೆ ನೋಡಿದರು.

ಹಾಡು ಪವಾಡವೇನೂ ಆಗಲಿಲ್ಲ. ಎರಡನೇ ಪದ್ಯದಲ್ಲಿ ಟೆನರ್ ಒಂದು ಸಾಲು ಬಿಟ್ಟಿತು. ಪೋಸ್ಟಾಫೀಸಿನವನು ಮೂರನೇ ಪದ್ಯವನ್ನು ಸರಿಯಾಗಿ ಹಾಡಿ, ನಾಲ್ಕನೆಯದರಲ್ಲಿ ಎಲ್ಲೂ ಇಲ್ಲದ ಒಂದು ಕುರಿಯನ್ನು ತಂದು ಸೇರಿಸಿದ. ಆದರೆ ಕೊನೆಯ ಸ್ವರದಲ್ಲಿ ಫೋರ್ಕ್ ಬಡಿದು ಕಿವಿಗೆ ಹಿಡಿದೆ. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ತಲೆ ಎತ್ತಿದರೆ ರೈಟರು ಪುಸ್ತಕ ತೆರೆದು ಹಿಡಿದಿದ್ದರು, ಬಾಯಿ ಮುಚ್ಚಿತ್ತು. ಅತಿಥಿಗಳು ಹೊರಗೆ ಬಂದು ನನ್ನ ಕೈ ಕುಲುಕಿ, “ಚೆನ್ನಾಗಿತ್ತು,” ಎಂದರು. ನಾನು ಹಿಂತಿರುಗಿ ಆಲ್ಟೋದವರನ್ನು ತೋರಿಸುವಷ್ಟರಲ್ಲಿ ರೈಟರು ಅತಿಥಿಗಳನ್ನು ಕಾಫಿಗೆ ಕರೆದೊಯ್ದಿದ್ದರು.

ಜನವರಿಯಲ್ಲಿ ಕಮಿಟಿ ಸೇರಿತು. ನಿಯಮವನ್ನು ಮತ್ತೆ ಓದಿದರು. ಅವಿಧೇಯತೆಗೆ ನಾನು ಕ್ಷಮೆ ಕೇಳಿದರೆ ಸಾಕು, ಉಳಿದದ್ದನ್ನು ಮರೆಯೋಣ ಎಂದರು ಅಯ್ಯನವರು.

“ಕ್ಷಮೆ ಕೇಳುವ ಕಡೆ ಕೇಳಿ ಆಗಿದೆ,” ಎಂದೆ. “ನಿಯಮಕ್ಕೆ ಕೈ ಎತ್ತಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಅದನ್ನು ಬರೆದುಕೊಳ್ಳಿ.”

ಬರೆದುಕೊಳ್ಳಲಿಲ್ಲ. ಹಾರ್ಮೋನಿಯಂ ಬೀಗದ ಕೈ ಕೇಳಿದರು. ಅದನ್ನು ಮೇಜಿನ ಮೇಲೆ ಇಟ್ಟು, ನಾಯಕಿಯ ಕೆಲಸವನ್ನೂ ಅಲ್ಲೇ ಬಿಟ್ಟು ಬಂದೆ. ಮನೆಗೆ ಬಂದು ಒಲೆಯ ಮುಂದೆ ಕೂತೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನವೇನೂ ಇರಲಿಲ್ಲ. ಅಯ್ಯನವರ ಆ ಮೆತ್ತಗಿನ ದನಿಯನ್ನು ನೆನೆದರೆ ರೈಟರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ರೈಟರು ತಾವು ನಂಬಿದ್ದನ್ನು ಮಾಡಿದರು. ಅಯ್ಯನವರು ತಾವು ನಂಬದಿದ್ದುದನ್ನು ಮಾಡಿದರು.

ಮುಂದಿನ ಭಾನುವಾರ ನಾನು ಹೋಗಿ ಹಿಂದೆ ಚಾಪೆಯ ಮೇಲೆ ಕೂತೆ. ಬೆಂಚಿನಲ್ಲಿ ಕೂರಲು ಮನಸ್ಸಾಗಲಿಲ್ಲ. ತಂಡದ ಜಾಗ ಖಾಲಿ ಇತ್ತು. ಅಲ್ಲಿ ನಿಲ್ಲಬೇಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಪೋಸ್ಟಾಫೀಸಿನವನು ಕಿಟಕಿಯ ಬಳಿ ಹೆಂಡತಿ ಮಕ್ಕಳ ಜೊತೆ ಕೂತಿದ್ದ, ರೈಟರ ಮಗಳು ತಂದೆಯ ಪಕ್ಕದಲ್ಲಿ. ಅಯ್ಯನವರು ಹಾಡಿನ ಸಂಖ್ಯೆ ಹೇಳಿ, ಖಾಲಿ ಜಾಗ ನೋಡಿ, ತಾವೇ ಹಾಡು ಎತ್ತಿದರು, ತೀರಾ ಮೇಲಿನ ಶ್ರುತಿಯಲ್ಲಿ. ನಾವು ಡಿಸೆಂಬರ್ ತುಂಬ ಹಾಡಿದ ಹಾಡುಗಳಲ್ಲಿ ಅದೂ ಒಂದು. ಎರಡು ಸಾಲು ಹಾಗೇ ಎಳೆದಾಡಿತು. ಆಮೇಲೆ ಕಿಟಕಿಯ ಕಡೆಯಿಂದ ಬೇಸ್ ಬಂತು. ನಡುವಿನ ಬೆಂಚುಗಳಿಂದ ಟೆನರ್. ಮುಂದಿನ ಸಾಲಿನಲ್ಲಿ, ತಂದೆ ಹಿಡಿದ ಪುಸ್ತಕದ ಕಡೆ ನೋಡದೆ, ನೇರ ನಿಂತು ಆ ಹುಡುಗಿ ಮೇಲಿನ ದನಿ ಹಿಡಿದಳು. ನನ್ನ ಎಡಕ್ಕೆ, ಬಲಕ್ಕೆ, ಹಿಂದೆ, ಚಾಪೆಗಳ ಮೇಲಿಂದ ಆಲ್ಟೋ ಎದ್ದಿತು. ಯಾರೂ ಎಲ್ಲೂ ಸಾಲಾಗಿ ನಿಂತಿರಲಿಲ್ಲ. ನಾಲ್ಕು ದನಿಯೂ ಅಲ್ಲೇ ಇದ್ದವು.

ನಾನು ಮಾತ್ರ ಹಾಡಲಿಲ್ಲ. ಅಯ್ಯನವರು ಎತ್ತಿದ ಹಾಡಿಗೆ ದನಿ ಸೇರಿಸಲು ಸಿಟ್ಟು ಬಿಡಲಿಲ್ಲ. ಪಕ್ಕದಲ್ಲಿದ್ದ ಆಲ್ಟೋದ ಮೊದಲ ಹೆಂಗಸು ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

“ಏನ್ ಟೀಚರಮ್ಮ, ಎರಡನೇ ಪದ್ಯ ಬಂತಲ್ಲ. ಪಾಡಿ.”

ಹಾಡಿದೆ. ಸಿಟ್ಟು ಹಾಗೆಯೇ ಇತ್ತು.